ಪರಿಚಯವಿಲ್ಲದ ಸೌದೆ

ಭಯವೆಂಬುದು ಮನುಷ್ಯನೊಂದಿಗೆ ಹುಟ್ಟಿ ಮನುಷ್ಯನೊಂದಿಗೇ ಮಣ್ಣಾಗುವ ಏಕೈಕ ಬಂಧು. ರಾಜರು ಶತ್ರುಗಳಿಗೆ ಹೆದರಿದರು, ಋಷಿಗಳು ಮರುಜನ್ಮಕ್ಕೆ ಹೆದರಿದರು, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿದ್ದ ನಾನು ನಿವೃತ್ತಿಯಾಗುವವರೆಗೂ ಆಡಿಟ್ಟಿಗೆ ಹೆದರಿದೆ. ಹೊಸಕೋಟೆಯ ನಮ್ಮ ಪಕ್ಕದ ಮನೆಯ ಯಜಮಾನರು ಸೌದೆಗೆ ಹೆದರುತ್ತಿದ್ದರು.

ಇದರಲ್ಲಿ ಗೂಢಾರ್ಥವೇನೂ ಇಲ್ಲ. ಸೌದೆ ಎಂದರೆ ಒಲೆಗೆ ಹಾಕುವ ಸೌದೆ. ದಾರಿಯಲ್ಲಿ ಒಂದು ಒಣಕೊಂಬೆ ಬಿದ್ದಿದ್ದರೆ ನಾವು ನೀವು ದಾಟಿಕೊಂಡು ಹೋಗುತ್ತೇವೆ. ಅವರು ಹಾವು ಕಂಡವರ ಹಾಗೆ ಒಂದು ಹೆಜ್ಜೆ ಹಿಂದಿಟ್ಟು, ಆಮೇಲೆ ಬಗ್ಗಿ ನೋಡುತ್ತಿದ್ದರು. "ಯಾವ ಮರದ್ದೋ ಏನೋ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಬಸ್ ನಿಲ್ದಾಣದಲ್ಲಿ ವಾರಸುದಾರರಿಲ್ಲದ ಸೂಟ್‌ಕೇಸ್ ಕಂಡ ಪೊಲೀಸರ ಗಾಂಭೀರ್ಯ ಆ ದನಿಯಲ್ಲಿ ಇರುತ್ತಿತ್ತು.

ಹೋದ ವರ್ಷ ಮಳೆಗಾಲದಲ್ಲಿ ಅವರು ತೀರಿಕೊಂಡರು. ಡೆಂಗ್ಯೂ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಅಚ್ಚಾಗುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರು ತಪ್ಪಿಲ್ಲದೆ ಇರುವುದನ್ನು ಕಂಡೂ "ಯಾಕೆ ಹಾಕವ್ರೋ" ಎಂದು ನಿದ್ದೆಗೆಟ್ಟ ಮನುಷ್ಯ. ಸತ್ತ ಮೇಲಾದರೂ ನೆಮ್ಮದಿಯಾಗಿರಲಿ.

ಅವರು ಕೆಲಸ ಮಾಡಿದ್ದು ಬಾಶೆಟ್ಟಿಹಳ್ಳಿಯಲ್ಲಿ, ಪ್ಯಾಕಿಂಗ್ ಪೆಟ್ಟಿಗೆ ಮಾಡುವ ಒಂದು ಕಾರ್ಖಾನೆಯ ಸ್ಟೋರಿನಲ್ಲಿ. ಹಲಗೆಗಳಿಗೆ ಹುಳ ಹಿಡಿಯದಂತೆ ಔಷಧಿ ಹೊಡೆಯುವುದನ್ನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಅರ್ಧ ಆಯುಷ್ಯ ನೋಡಿದವರು. ನಿವೃತ್ತರಾದ ಮೇಲೆ ಹೆಂಡತಿಯ ಊರಾದ ಹೊಸಕೋಟೆಗೆ ಬಂದರು. ನಮ್ಮೂರಿನಲ್ಲಿ ಕಾರ್ಖಾನೆಗಳಿಗೆ ಬರವಿಲ್ಲ, ಅವು ಬಿಸಾಡುವ ಮುರುಕು ಹಲಗೆಗಳಿಗೂ ಬರವಿಲ್ಲ. ಅರ್ಧ ಊರಿನ ನೀರೊಲೆ ಉರಿಯುವುದೇ ಅದರಿಂದ. ಇವರು ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. "ಈ ಹಲಗೆ ಕಂಡಿರೋ ದೇಶ ನೀವು ಕಂಡಿಲ್ಲ ಸ್ವಾಮಿ. ಎಲ್ಲೆಲ್ಲಿ ಏನೇನು ಕುಡ್ಕೊಂಡು ಬಂದೈತೋ. ಸ್ನಾನದ ನೀರು ಕಾಯಿಸ್ಕೊಳ್ಳಿ, ಬೇಡ ಅನ್ನಲ್ಲ. ಹೊಗೆ ಮಾತ್ರ ಬಾಯಿಗೆ ಹೋಗ್ಬಾರ್ದು."

ಬಾಯಿಗೆ ಹೋಗುವ ಹೊಗೆಯೇ ಅವರ ವಿಷಯ. ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಹೊಸತೊಡಕು. ಬೀದಿಯವರು ಸೇರಿ ಕುರಿ ತಂದು ಕಡಿಸಿ, ಗುಡ್ಡೆ ಗುಡ್ಡೆಯಾಗಿ ಪಾಲು ಹಾಕಿಕೊಳ್ಳುತ್ತೇವೆ. ಅಂದು ತಿಂದು ಮಿಕ್ಕ ಬಾಡು ಉಪ್ಪುಕಂಡವಾಗಬೇಕು. ಉಪ್ಪು ಅರಿಶಿನ ಹಚ್ಚಿ, ಬಿಸಿಲಿಗೆ ಒಣಗಿಸಿ, ದಾರಕ್ಕೆ ಪೋಣಿಸಿ ಒಲೆಯ ಮೇಲೆ ಕಟ್ಟಿದರೆ, ಹಿಂದಿನ ಕಾಲದಲ್ಲಿ ಹೊಗೆ ತನ್ನ ಪಾಡಿಗೆ ತಾನು ಹತ್ತುತ್ತಿತ್ತು. ಈಗ ಅಡಿಗೆಮನೆಗಳಲ್ಲಿ ಗ್ಯಾಸ್ ಇದೆ. ಹೊಗೆ ಹೋದ ಮೇಲೆ ಎಲ್ಲರೂ ಚಿಮಣಿ ಹಾಕಿಸಿದ್ದಾರೆ. ಹೀಗಾಗಿ ಇಡೀ ಬೀದಿಯ ಬಾಡು ಇವರ ಹಿತ್ತಿಲಿಗೆ ಬರುತ್ತಿತ್ತು. ಅಲ್ಲಿ ಇಟ್ಟಿಗೆ ಮಣ್ಣಿನಲ್ಲಿ ಆಳೆತ್ತರದ ಒಂದು ಗೂಡು ಕಟ್ಟಿದ್ದರು: ಕೆಳಗೆ ಕೆಂಡ, ಮೇಲೆ ಬಾಡು ನೇತುಹಾಕುವ ಕಂಬಿಗಳು, ನೆತ್ತಿಯಲ್ಲಿ ಒಂದು ಕಿಂಡಿ. ಹಬ್ಬ ಮುಗಿದ ಮೇಲೂ ಮೀನೋ ಕೋಳಿಯೋ ಏನಾದರೊಂದು ಅದರಲ್ಲಿ ನೇತಾಡುತ್ತಲೇ ಇರುತ್ತಿತ್ತು. ಆ ಹೊಗೆಯ ದೆಸೆಯಿಂದ ನಮ್ಮೆರಡು ಮನೆಗಳಿಗೆ ಸೊಳ್ಳೆಯೆಂಬ ಪ್ರಾಣಿಯ ಪರಿಚಯವೇ ಇರಲಿಲ್ಲ.

ಬಾಡು ತಂದವರು ಸೌದೆಯನ್ನೂ ತರಬೇಕು ಎಂಬುದು ಅವರ ಕಟ್ಟಳೆ. ತಂದರೆ ಸಾಲದು, ಅದರ ವಿಚಾರಣೆಗೆ ಹಾಜರಿರಬೇಕು. ಮೊದಲ ಸಲ ನಾನು ಒಂದು ಹೊರೆ ಮಾವಿನ ಸೌದೆ ಹೊತ್ತುಕೊಂಡು ಹೋದಾಗ ಅವರು ಗೇಟನ್ನೇ ತೆಗೆಯಲಿಲ್ಲ.

"ಮರ ನೋಡಿದ್ದೀರಾ ಸ್ವಾಮಿ?"

"ಮಾವಿನದು."

"ಹೆಸರು ಕೇಳ್ಲಿಲ್ಲ. ನೋಡಿದ್ದೀರಾ ಅಂದೆ. ನಿಂತಿದ್ದಾಗ."

"ನಿಂತಿದ್ದಾಗಲೂ ನೋಡಿದ್ದೀನಿ, ಮಲಗಿದ್ದಾಗಲೂ ನೋಡಿದ್ದೀನಿ. ನನ್ನ ಭಾವಮೈದುನನ ತೋಟದ್ದು."

"ಗೆದ್ದಲಿಗೆ ಔಷಧಿ ಹೊಡ್ಸಿದ್ರಾ?"

"ಇಲ್ಲ."

"ಬಣ್ಣ ಗಿಣ್ಣ?"

"ಮರಕ್ಕೆ ಯಾರ್ರೀ ಬಣ್ಣ ಹೊಡಿತಾರೆ?"

ಅವರು ಸ್ವಲ್ಪ ಯೋಚಿಸಿದರು. "ನಿಮ್ಮ ಭಾವಮೈದುನ ಮನುಷ್ಯ ಎಂಥೋರು?"

ನನ್ನ ಹೆಂಡತಿ ಒಳಗಿನಿಂದ ಇದನ್ನು ಕೇಳಿಸಿಕೊಂಡು, ಹೆಣ್ಣು ನೋಡಲು ಬಂದಾಗ ನೀವೂ ಇಷ್ಟು ಕೇಳಿರಲಿಲ್ಲ ಎಂದಳು. ಕೇಳಬೇಕಿತ್ತು ಎಂದೆ. ಆ ದಿನ ಊಟ ತಡವಾಯಿತು.

ವಿಚಾರಣೆ ಮುಗಿದ ಮೇಲೆ ಪರೀಕ್ಷೆ. ಒಂದು ಚೂರನ್ನು ಕಿವಿಯ ಹತ್ತಿರ ಹಿಡಿದು ಮುರಿಯುವರು. ಮುರಿದ ಕಡೆ ಮೂಸುವರು. ಕಡೆಗೆ ಕಣ್ಣು ಮುಚ್ಚಿಕೊಂಡು ನಾಲಿಗೆಯ ತುದಿಗೆ ಮುಟ್ಟಿಸುವರು. ಆ ಹೊತ್ತಿನಲ್ಲಿ ಅವರ ಮುಖ ನೋಡುತ್ತ ನಾವು ತೀರ್ಪಿಗೆ ಕಾಯುತ್ತಿದ್ದೆವು. ಹುಣಸೆ ಗಟ್ಟಿ ಆಸಾಮಿ, ನಿಧಾನ. ಮಾವು ಆಗಬಹುದು. ರೇಷ್ಮೆಯವರು ಸವರಿ ಹಾಕುವ ಹಿಪ್ಪುನೇರಳೆ ಒಳ್ಳೆಯ ಮನೆತನದ್ದು. ಸೀಬೆಯೋ, ಅದು ಸಿಕ್ಕರೆ ಅವರ ಮುಖದಲ್ಲಿ ನಗು ಕಾಣುತ್ತಿತ್ತು. ಬೇವು ಬೇಡ, ಹೊಂಗೆ ಬೇಡ. ನಮ್ಮ ಸೀಮೆಯಲ್ಲಿ ಎತ್ತ ತಿರುಗಿದರೂ ಸಿಗುವ ನೀಲಗಿರಿಯಂತೂ ಬೇಡವೇ ಬೇಡ: "ಅದರ ಹೊಗೇಲಿ ಮಾಡಿದ ಬಾಡು ತಿನ್ನೋ ಬದ್ಲು ಕೆಮ್ಮಿನ ಔಷಧಿ ಕುಡೀಬೋದು."

ಅವರ ಲೆಕ್ಕದಲ್ಲಿ ಸೌದೆ ಎರಡೇ ಜಾತಿ, ಪರಿಚಯದ್ದು ಮತ್ತು ಪರಿಚಯವಿಲ್ಲದ್ದು. ಸುತ್ತಮುತ್ತಲ ಹಳ್ಳಿಗಳಲ್ಲಿ ಅವರಿಗೆ ಪರಿಚಯದ ಮರಗಳಿದ್ದವು. ನೆಂಟರನ್ನು ನೋಡಲು ಹೋಗುವಂತೆ ಬಸ್ಸು ಹತ್ತಿ ಹೋಗಿ, ಬುಡದಲ್ಲಿ ಕೂತು, ತಟ್ಟಿ, ಒಣಗಿದ ಕೊಂಬೆಯೇನಾದರೂ ಇದ್ದರೆ ಕೇಳಿ ತರುತ್ತಿದ್ದರು. ಬಸ್ಸಿನಲ್ಲಿ ಅವರ ಪಕ್ಕ ಕೂತವರು ಹೊಗೆಯ ವಾಸನೆಗೆ ಎದ್ದು ಬೇರೆ ಸೀಟು ನೋಡಿಕೊಳ್ಳುವರು. ಇವರಿಗೆ ಸೌದೆಯ ಹೊರೆ ಇಡಲು ಜಾಗವಾಗುವುದು. ಈಚೆಗೆ ತೋಟಗಳೆಲ್ಲ ಲೇಔಟುಗಳಾದವು. ಎಲ್ಲಿಯಾದರೂ ಮರ ಕೊಯ್ಯುವ ಯಂತ್ರದ ಸದ್ದು ಕೇಳಿದರೆ ಅವರು ಎದ್ದು ಚಪ್ಪಲಿ ಹುಡುಕುವರು. ವಾಪಸು ಬರುವಾಗ ಹೆಗಲ ಮೇಲೆ ಸೌದೆ, ಮುಖದಲ್ಲಿ ಮಣ್ಣು ಕೊಟ್ಟು ಬಂದವರ ಕಳೆ. "ಗುರುತಿರೋರೆಲ್ಲ ಹೋಗ್ತಾವ್ರೆ ಸ್ವಾಮಿ. ಇನ್ಮೇಲೆ ಬರೋದೆಲ್ಲ ಗುರುತಿಲ್ಲದ ಸೌದೆನೇ" ಎಂದು ಒಮ್ಮೆ ಹೇಳಿದರು. ನಾನು ನಕ್ಕೆ. ಅವರು ನಗಲಿಲ್ಲ.

ಇಷ್ಟೆಲ್ಲ ಆದರೂ ಅವರಿಗೆ ನಂಬಿಕೆ ಇಲ್ಲ. ಬಾಡು ಇಳಿದ ದಿನ ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ಮೊದಲ ತುಂಡನ್ನು ತಾವು ಸುಟ್ಟುಕೊಂಡು ತಿನ್ನುವರು. ಒಂದು ರಾತ್ರಿ ಕಳೆಯಬೇಕು. ಮಾರನೆಯ ಬೆಳಿಗ್ಗೆ ಬೀದಿಯ ಗೇಟುಗಳನ್ನು ಒಂದೊಂದಾಗಿ ಅಲ್ಲಾಡಿಸುತ್ತ ಸಾರುವರು:

"ಬದುಕಿದ್ದೀನಿ, ತಗೊಂಡ್ಹೋಗಿ."

ಬೀದಿಗೆ ಇದೊಂದು ತಮಾಷೆ. ಹುಡುಗರು ಅವರನ್ನು ಕಂಡರೆ "ಬದುಕಿದ್ದೀರಾ ತಾತಾ?" ಎಂದು ಕೂಗುವರು. ಅವರು ನಿಂತು, ಪ್ರಶ್ನೆಯನ್ನು ಸರಿಯಾಗಿ ಪರಿಶೀಲಿಸಿ, "ಸದ್ಯಕ್ಕೆ" ಎನ್ನುವರು.

ಎದುರು ಮನೆಯ ಮುನಿರಾಜು ಹಾಲಿನ ಡೈರಿಯಲ್ಲಿದ್ದಾನೆ. ಅವನ ಮಗಳು ಪವಿತ್ರಳಿಗೆ ಹೋದ ವರ್ಷ ಗಂಡುಮಗುವಾಗಿತ್ತು. ಬಾಣಂತನ ಮುಗಿದಿತ್ತು, ಹೊಸತೊಡಕು ಕಳೆದ ಸೋಮವಾರ ಗಂಡನ ಊರಾದ ಜಡಿಗೇನಹಳ್ಳಿಗೆ ಕಳಿಸುವುದೆಂದು ನಿಶ್ಚಯ. ಬಾಣಂತಿಗೆ ಉಪ್ಪುಕಂಡ ಒಳ್ಳೆಯದು, ಹಾಲು ಹತ್ತುತ್ತದೆ. ಆದ್ದರಿಂದ ಮುನಿರಾಜು ತನ್ನ ಗುಡ್ಡೆಯ ಮುಕ್ಕಾಲು ಬಾಡನ್ನು ಹೊಗೆಗೆ ಕೊಟ್ಟ, ಜೊತೆಗೆ ಮೊಪೆಡ್ಡಿನಲ್ಲಿ ಒಂದು ಹೊರೆ ಸೌದೆ ತಂದು ಹಾಕಿದ.

"ಏನದು?"

"ಸೀಬೆ ಕಣಣ್ಣೋ. ನಿಮ್ಗಂತಾನೇ ತಂದೆ."

"ಮರ ನೋಡಿದ್ಯಾ?"

"ನೋಡ್ದೆ ಬುಡಣ್ಣ, ಕಾಯಿ ಬಿಟ್ಟಿತ್ತು. ಬೇಕಾದ್ರೆ ಕರ್ಕೊಂಬರ್ಲಾ ಮರಾನ?"

ಅವರು ಮೇಲಿನ ನಾಲ್ಕಾರು ಕಡ್ಡಿ ಮುರಿದು ಮೂಸಿದರು. ಸೀಬೆಯೇ. ಹೊರೆ ಬಿಚ್ಚಲಿಲ್ಲ. ಅಂದು ಗೇಟಿನಲ್ಲಿ ಬಾಡು ಹಿಡಿದು ನಿಂತವರ ಸಾಲೇ ಇತ್ತು. ಅದೂ ಅಲ್ಲದೆ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ಹೆದರಿ, ಇನ್ನೂ ಬಲಿಯಲಿ ಎಂದು ಮುಂದೂಡುತ್ತ ಬಂದಿದ್ದರು.

ಭಾನುವಾರ ಸಂಜೆ ಒಣಸೌದೆ ತೀರಿತು. ಕೆಂಡದ ಮೇಲೆ ಸ್ವಲ್ಪ ಹಸಿಯಾಗಿರುವ ಕಡ್ಡಿ ಬಿದ್ದರೆ ಹೊಗೆ ಚೆನ್ನಾಗಿ ಏಳುತ್ತದೆ ಎಂದು ಮುನಿರಾಜುವಿನ ಹೊರೆಯಿಂದ ಎಳೆದೆಳೆದು ಹಾಕಿದರು. ಸೋಮವಾರ ಬೆಳಿಗ್ಗೆ ಬಾಡು ಇಳಿಯಿತು. ಇಳಿಯಿತೇನೋ ಸರಿ, ಮೊದಲ ತುಂಡು ತಿನ್ನುವ ಹಾಗಿಲ್ಲ. ಸೋಮವಾರ ಅವರ ವಾರ. ಆ ದಿನ ಮನೆಯಲ್ಲಿ ಮೊಟ್ಟೆಯೂ ಒಡೆಯುವಂತಿಲ್ಲ. ನನ್ನದೂ ಸೋಮವಾರವೇ.

ಮುನಿರಾಜು ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದ.

"ನಾಡಿದ್ದು ಬೆಳಿಗ್ಗೆ ಕೊಡ್ತೀನಪ್ಪಾ. ನಾನು ಇನ್ನೂ ತಿಂದಿಲ್ಲ."

"ನಾಡಿದ್ದು ಏನ್ ಮಾಡ್ಲಣ್ಣ? ಅಳಿಯ ಕಾರ್ ತಂದು ನಿಲ್ಸವ್ನೆ. ಏಳೂವರೆಗೆ ರಾಹುಕಾಲ ಹತ್ತುತ್ತೆ."

"ಎರಡು ದಿನ ತಡಿ."

"ಅಣ್ಣಾ, ನಿಮ್ ಬಾಡು ತಿಂದು ಇಷ್ಟ್ ವರ್ಷದಲ್ಲಿ ಒಂದು ಕೋಳಿ ಸತ್ತೈತಾ? ಹೊಸಿಲು ದಾಟೋ ಹೆಣ್ಮಗಳನ್ನ ಬರಿಗೈಲಿ ಕಳಿಸ್ಲಾ?"

ಅವರು ನನ್ನ ಮುಖ ನೋಡಿದರು. ನಾನು ಕೊಡಿ ಎಂಬಂತೆ ತಲೆಯಾಡಿಸಿದೆ. ಡಬ್ಬಿ ತುಂಬಿಕೊಟ್ಟರು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಗೇಟಿನಲ್ಲಿ ನಿಂತಿದ್ದರು.

ಮಂಗಳವಾರ ಬೆಳಿಗ್ಗೆ, ಲೆಕ್ಕಕ್ಕೆ ಒಂದು ದಿನ ಮುಂಚೆಯೇ, ನನ್ನ ಗೇಟು ಅಲ್ಲಾಡಿತು. "ಬದುಕಿದ್ದೀನಿ" ಎಂಬ ಮಾತಿಗಾಗಿ ಕಾದೆ. ಬರಲಿಲ್ಲ. ಹೋಗಿ ನೋಡಿದರೆ ಅವರು ಒಂದು ಗೇಣುದ್ದದ ಕಡ್ಡಿ ಹಿಡಿದು ನಿಂತಿದ್ದಾರೆ. ಗೂಡಿನ ಬೂದಿ ತೆಗೆಯುವಾಗ ಕಂಡದ್ದು, ಹೊರೆಯ ಅಡಿಯಲ್ಲಿ ಉಳಿದಿತ್ತಂತೆ.

"ನನ್ನ ಕಣ್ಣು ಸರಿಯಿಲ್ಲ. ಇದರ ಒಂದೊಂದು ಗಿಣ್ಣೂ ನೋಡಿ ಸ್ವಾಮಿ. ಎಲೆ ಉದುರಿರೋ ಗಾಯ ಎಷ್ಟವೆ?"

ಒಂದು ಗಿಣ್ಣಿನಲ್ಲಿ ಮೂರು ಕಂಡಿತು. ಇನ್ನೊಂದರಲ್ಲಿ ಎರಡು. ಮತ್ತೊಂದರಲ್ಲಿ ತೊಗಟೆ ತರಚಿಹೋಗಿ ಏನೂ ಗೊತ್ತಾಗಲಿಲ್ಲ.

"ಸೀಬೆಗೆ ಎರಡು. ಮೂರು ಇರೋದು ಕಣಗಿಲೆಗೆ" ಎಂದರು.

ಕಣಗಿಲೆ ಏನೆಂದು ನಮ್ಮ ಸೀಮೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಹೂವು ದೇವರಿಗೆ, ಎಲೆ, ಕಡ್ಡಿ, ಬೇರು, ಹೊಗೆ ಯಾರಿಗೂ ಅಲ್ಲ. ಅದು ಹೊಟ್ಟೆಗೆ ಹೋದರೆ ವಾಂತಿಯಾಗಿ, ಎದೆಬಡಿತ ನಿಧಾನವಾಗುತ್ತ ಆಗುತ್ತ ಕಡೆಗೆ ನಿಂತೇ ಹೋಗುತ್ತದೆ. ನಾನು ಮೂರನೆಯ ಗಾಯ ಮಚ್ಚಿನ ಏಟಿರಬೇಕು ಎಂದೆ. ಇರಬಹುದು ಎಂದರು. ಹೊರೆಯಲ್ಲಿ ಇಂಥವು ಎಷ್ಟಿದ್ದವು ಎಂದು ಕೇಳಿದೆ. ಅವರು ಗೂಡಿನ ಕಡೆ ನೋಡಿದರು. ಇದ್ದವೆಲ್ಲ ಬೂದಿಯಾಗಿದ್ದವು.

ಮುನಿರಾಜುವನ್ನು ಡೈರಿಯಲ್ಲಿ ಹಿಡಿದೆವು. ಮೊದಲು ರೇಗಿದ. ಆಮೇಲೆ ಮುಖ ಸಪ್ಪಗೆ ಮಾಡಿಕೊಂಡು ಹೇಳಿದ: ಮರ ನೋಡಿರಲಿಲ್ಲ. ಹಳೆ ಮದ್ರಾಸ್ ರಸ್ತೆಯ ಬದಿಯಲ್ಲಿ ತೋಟದವರು ಸೀಬೆ ಸವರಿ ರಾಶಿ ಹಾಕಿದ್ದರು, ಕಾಯಿ ಸಮೇತ. ಅದನ್ನೇ ಬಾಚಿಕೊಂಡು ಬಂದಿದ್ದ.

"ರಸ್ತೆ ನಡುವಿನ ಕಣಗಿಲೆ ಸವರೋರು ಅಲ್ಲಿ ಇದ್ರಾ?"

"ಇದ್ರು ಅನ್ಸುತ್ತೆ. ಅವ್ರು ಎಲ್ಲಿ ಹಾಕಿದ್ರೋ ನಾನೇನ್ ಕಾವಲು ಕಾಯ್ತಿದ್ನಾ?"

ಪವಿತ್ರಳ ಫೋನು ಎತ್ತುವವರಿಲ್ಲ. ಅವಳ ಗಂಡ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟು. ಅಲ್ಲಿ ಫೋನನ್ನು ಬೀರುವಿನಲ್ಲಿಟ್ಟು ಒಳಗೆ ಹೋಗಬೇಕು. ಮುನಿರಾಜು ಕ್ಯಾನುಗಳ ಮಧ್ಯೆ ಕುಸಿದು ಕೂತ. ಹಾಲಿನ ವ್ಯಾನು ಬರುವ ಹೊತ್ತು, ಅವನು ಬಿಟ್ಟು ಬರುವಂತಿರಲಿಲ್ಲ. ಬಂದರೂ ಮೊಪೆಡ್ ಓಡಿಸುವ ಸ್ಥಿತಿಯಲ್ಲಿರಲಿಲ್ಲ. ನಾನು ನನ್ನ ಹಳೆಯ ಸ್ಕೂಟರ್ ತೆಗೆದೆ. ಅವರು ಕಡ್ಡಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಹಿಂದೆ ಕೂತರು.

ಆ ರಸ್ತೆಯಲ್ಲಿ ನಾನು ಸಾವಿರ ಸಲ ಓಡಾಡಿದ್ದೇನೆ. ರಸ್ತೆಯ ನಡುವೆ ಕಣಗಿಲೆ ಇದೆಯೆಂದು ಅಂದೇ ಕಂಡದ್ದು. ಮೊಣಕಾಲೆತ್ತರಕ್ಕೆ ಸವರಿದ ಗಿಡಗಳು, ಸವರದೆ ಬಿಟ್ಟ ಗಿಡಗಳು, ಬಿಳಿ, ಗುಲಾಬಿ, ಮತ್ತೆ ಗುಲಾಬಿ. ಲಾರಿಯ ಗಾಳಿಗೆ ಒಟ್ಟಿಗೆ ತಲೆದೂಗುತ್ತಿದ್ದವು. ಸಾಮಾನ್ಯವಾಗಿ ಹಿಂದೆ ಕೂತರೆ ಅವರು "ನಿಧಾನ ಸ್ವಾಮಿ, ನಾಯಿ, ಹಳ್ಳ, ಲಾರಿ" ಎಂದು ದಾರಿಯುದ್ದಕ್ಕೂ ಜಪ ಮಾಡುವವರು. ಅಂದು ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆಗೆ ತಿರುಗಿದ ಮೇಲೆ ಒಂದೇ ಮಾತು: "ಜೋರಾಗಿ ಹೋಗಿ." ಅವರ ಬಾಯಿಂದ ಆ ಮಾತು ಕೇಳಿ ನಾನು ಆಕ್ಸಿಲರೇಟರ್ ಪೂರ್ತಿ ತಿರುವಿದೆ.

ಪವಿತ್ರಳ ಅತ್ತೆ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದರು. "ಬನ್ನಿ ಬನ್ನಿ. ನಿಮ್ ಕಂಡದ ಸಾರು ನಿನ್ನೆ ರಾತ್ರೀನೇ ಖಾಲಿ. ನಮ್ಗೆಲ್ಲ ಬರೀ ತಿಳಿ. ಬಾಣಂತಿ ಒಬ್ಬಳೇ ತಿಂದ್ಳು ನೋಡಿ, ಎಷ್ಟು ದಿನ ಆಗಿತ್ತೋ."

"ನಿಮ್ಗೆ ಸೋಮವಾರ ವಾರ ಇಲ್ವಾ ತಾಯಿ?" ಇವರ ದನಿ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

"ನಮ್ದು ಶನಿವಾರ."

"ಮಗಳೆಲ್ಲಿ?"

"ಮಲಗವ್ಳೆ. ಬೆಳಗಿಂದ ಒಂದೇ ಸಮ ವಾಂತಿ. ಕಾರಲ್ಲಿ ಬಂದಿದ್ದು ಆಗಿಲ್ಲ ಅಂತ ಕಾಣುತ್ತೆ."

ಸೌದೆ ಕಂಡರೆ ಹಿಂದೆ ಸರಿಯುವ ಮನುಷ್ಯ ಅಂದು ಕೇಳದೆಯೇ ಹೊಸಿಲು ದಾಟಿ ಒಳಗೆ ಹೋದರು. ಪವಿತ್ರ ಗೋಡೆಯ ಕಡೆ ತಿರುಗಿ ಮಲಗಿದ್ದಳು, ಮುಖ ಬಿಳಿಚಿತ್ತು. ಪಕ್ಕದಲ್ಲಿ ಮಗು. ಅವರು ನೆಲಕ್ಕೆ ಕೂತು ಅವಳ ಮಣಿಕಟ್ಟು ಹಿಡಿದು ನನ್ನತ್ತ ನೋಡಿದರು.

"ನಿಮ್ಮ ಗಡಿಯಾರ ಸರಿಯಾಗಿದೆಯಾ?"

"ಸ್ವಲ್ಪ ಮುಂದಿದೆ."

"ಪರವಾಗಿಲ್ಲ, ಒಂದು ನಿಮಿಷ ಆದಾಗ ಹೇಳಿ."

ನಾನು ಹೇಳಿದೆ. ಅವರು ಎಣಿಸಿದ್ದು ಎಷ್ಟೆಂದು ಹೇಳಲಿಲ್ಲ. ಮಗು ಹಾಲು ಕುಡಿಯಿತೇ ಎಂದರು. ಬೆಳಿಗ್ಗೆ ಕುಡಿಯಿತು ಎಂದಳು ಪವಿತ್ರ. ಅವರು ಎದ್ದು, ಅತ್ತೆಯ ಮುಂದೆ ನಿಂತು, ಕಡ್ಡಿಯ ಪೇಪರು ಬಿಚ್ಚಿ ಎಲ್ಲವನ್ನೂ ಹೇಳಿದರು. ಅರ್ಧ ಮುಚ್ಚಿಡಲಿಲ್ಲ, ಮುನಿರಾಜುವಿನ ಹೆಸರೆತ್ತಲಿಲ್ಲ. "ನನ್ನ ಗೂಡಲ್ಲಿ ತಪ್ಪಾಗಿರ್ಬೋದು. ಆಗಿಲ್ದೇನೂ ಇರ್ಬೋದು. ಆಸ್ಪತ್ರೆಗೆ ಹೋಗಾಣ, ಆಮೇಲೆ ಎಷ್ಟಾದ್ರೂ ಬೈಯಿರಿ. ಅಲ್ಲೀತಂಕ ಮಗೂಗೆ ಎದೆಹಾಲು ಬೇಡ."

ಅತ್ತೆ ಆಸ್ಪತ್ರೆಯವರೆಗೆ ಕಾಯಲಿಲ್ಲ. ಆಟೋ ಬರುವುದರೊಳಗೆ ಆರಂಭಿಸಿದರು. "ಹೆದ್ರುಪುಕ್ಲ ಅಂತ ಹೆಸ್ರು ಬೇರೆ! ಹೆದ್ರೋನು ಇದನ್ನ ಮಾಡ್ತಾನಾ? ನಿನ್ನ ಗೂಡಿಗೆ ಬೆಂಕಿ ಹಾಕ!" ಇವರು ತಲೆ ತಗ್ಗಿಸಿ ಆಟೋದ ಅಂಚಿನಲ್ಲಿ ಕೂತಿದ್ದರು. ನಾನು ಸ್ಕೂಟರಿನಲ್ಲಿ ಹಿಂದೆಯೇ ಹೋದೆ. ಮಗು ಹಸಿದು ಅಳುತ್ತಿತ್ತು. ಆಟೋದ ಶಬ್ದವನ್ನೂ ಮೀರಿ ಆ ಅಳು ನನಗೆ ಕೇಳಿಸುತ್ತಿತ್ತು. ಹೆದ್ದಾರಿ ಸೇರುವ ಹೊತ್ತಿಗೆ ಇದ್ದಕ್ಕಿದ್ದಂತೆ ಅಳು ನಿಂತಿತು. ಅಷ್ಟು ಹೊತ್ತು ನಿಲ್ಲಲಿ ಎಂದುಕೊಂಡಿದ್ದವನು, ನಿಂತದ್ದಕ್ಕೆ ಹೆದರಿ ಹಾರನ್ ಒತ್ತುತ್ತಲೇ ಹೋದೆ. ಆಟೋ ನಿಂತಿತು. ಅವರು ತಲೆ ಹೊರಗೆ ಹಾಕಿದರು.

"ಬೆರಳು ಚೀಪ್ತಾ ನಿದ್ದೆ ಹೋಯ್ತು. ಉಸಿರಾಡ್ತಾ ಐತೆ. ಕೈ ಇಟ್ಕೊಂಡೇ ಇದ್ದೀನಿ."

ಹೊಸಕೋಟೆಯ ಆಸ್ಪತ್ರೆಯಲ್ಲಿ ಪವಿತ್ರಳನ್ನು ಒಳಗೆ ಕರೆದುಕೊಂಡರು. ಎದೆಗೆ ತಂತಿ ಹಚ್ಚಿ ಪರೀಕ್ಷೆ ಮಾಡುತ್ತಾರೆ, ಕಾಯಿರಿ ಎಂದರು. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು, ಅದೂ ಏಪ್ರಿಲ್ ಬಿಸಿಲಿನಲ್ಲಿ. ಅವರು ಮಾತ್ರ ಬಾವಿಯ ಕಟ್ಟೆಯ ಹಾಗೆ ಕೂತಿದ್ದರು. ನಾನು ಕೇಳದೆಯೇ ಹೇಳಿದರು.

"ನಾನು ಚಿಕ್ಕೋನಿದ್ದಾಗ ನಮ್ಮನೇಲಿ ಎರಡು ಹಸ. ಪಕ್ಕದೋರು ಬೇಲಿ ಸವರಿ ಕಣಗಿಲೆ ಸೊಪ್ಪು ಈಚೆ ಎಸೆದಿದ್ರು. ಒಂದು ಹಸ ಅದನ್ನ ತಿಂದು ಸಂಜೆ ಬಿತ್ತು, ಬೆಳಿಗ್ಗೆ ಏಳ್ಲಿಲ್ಲ. ಇನ್ನೊಂದು ತಿಂದಿತ್ತೋ ಇಲ್ವೋ ಗೊತ್ತಿಲ್ಲ. ಹಾಲು ಕರೆದ್ರೆ ಬರ್ತಾ ಐತೆ. ನಾವು ಹುಡುಗ್ರು ಹಸ್ಕೊಂಡು ಅಳ್ತಾ ಇದ್ದೀವಿ. ನಮ್ಮವ್ವ ಒಂದು ಲೋಟ ತಾನು ಕುಡಿದ್ಲು. ಒಲೆ ಮುಂದೆ ಬೆಳಗಾನ ಕೂತಿದ್ಲು. ನಾನೂ ಮಲಗ್ಲಿಲ್ಲ, ಅವಳನ್ನೇ ನೋಡ್ತಿದ್ದೆ. ಬೆಳಕು ಹರಿದ ಮೇಲೆ ಲೋಟ ನಮ್ಮುಂದೆ ಇಟ್ಟು ಅಂದ್ಲು, ಬದುಕಿದ್ದೀನಿ, ಕುಡೀರಿ ಅಂತ."

ಅಷ್ಟು ವರ್ಷ ನಾವು ನಕ್ಕ ಮಾತು ಅದು. ನೀರು ಬೇಕೇ ಎಂದೆ. ಯಾವ ನೀರು ಎಂದು ಅವರು ಕೇಳಲಿಲ್ಲ. ಕುಡಿದರು.

ಬಿಸಿಲು ಇಳಿಯುವ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು, ಚಿಕ್ಕ ವಯಸ್ಸಿನ ಹುಡುಗಿ. "ಎದೆಬಡಿತ ಎಲ್ಲ ಸರಿಯಾಗಿದೆ. ವಾಂತಿ ನಿಂತಿದೆ. ಬಿಸಿಲಲ್ಲಿ ಪ್ರಯಾಣ, ಅದರ ಮೇಲೆ ಅಷ್ಟೊಂದು ಒಣಬಾಡು, ಹೊಟ್ಟೆ ಕೆಟ್ಟಿರಬೇಕು. ರಾತ್ರಿ ಇಲ್ಲೇ ಇರಲಿ, ನೋಡೋಣ. ಮಗೂಗೆ ಹಾಲು ಕೊಡಬಹುದು."

ಅವರು ಕಡ್ಡಿ ಮುಂದೆ ಹಿಡಿದರು. "ಇದು ಯಾವ್ದು ಅಂತ ಹೇಳ್ತೀರಾ ತಾಯಿ?"

"ಕಡ್ಡಿ ನೋಡಿ ಹೇಳೋ ಓದು ನಾನು ಓದಿಲ್ಲ ತಾತ. ಮನೆಗೆ ಹೋಗಿ ಮಲಗಿ."

ಒಳಗೆ ಮಗು ಹಾಲು ಕುಡಿಯುವ ಸದ್ದು ಕೇಳಿದ ಮೇಲೆ ಅವರು ಬೆಂಚಿನಿಂದ ಎದ್ದರು. ಎದ್ದವರು ನಿಲ್ಲಲಾಗದೆ ಮತ್ತೆ ಕೂತರು.

ಮಾರನೆಯ ದಿನ ತಾಯಿ ಮಗು ಮನೆಗೆ ಹೋದರು. ಅದೇ ದಿನ ಇವರು ಬೀದಿಯ ಉಳಿದ ಬಾಡನ್ನೆಲ್ಲ ನಾಯಿಗೂ ಸಿಗದಂತೆ ಆಳವಾಗಿ ಗುಂಡಿ ತೋಡಿ ಸುಣ್ಣ ಸುರಿದು ಹೂತರು. ಗೂಡನ್ನು ಒಡೆದರು. ಬೀದಿ ಇದನ್ನು ಸುಮ್ಮನೆ ನೋಡಲಿಲ್ಲ. "ಡಾಕ್ಟ್ರೇ ಏನಿಲ್ಲ ಅಂದ್ಮೇಲೆ ಇವ್ರದೇನು ಆಟ? ಹಬ್ಬದ ಬಾಡು ಮಣ್ಣುಪಾಲು ಮಾಡಿದ್ರಲ್ಲ!" ಮುನಿರಾಜು ಅವರ ಗೇಟಿನ ಮುಂದೆ ನಿಂತು ಕೂಗಾಡಿದ. "ನನ್ ಮಗಳಿಗೆ ನಾನೇ ವಿಷ ಹಾಕ್ತೀನೇನ್ರಿ? ಊರೆಲ್ಲ ಹಂಗೆ ಮಾತಾಡ್ತಾವ್ರೆ! ಸೀಬೆ ಅದು, ಸೀಬೆ!" ಅಲ್ಲಿಂದ ಮುಂದೆ ಎದುರು ಮನೆಗೂ ಅವರಿಗೂ ಮಾತಿಲ್ಲ.

ಅವರು ವಾದ ಮಾಡಲಿಲ್ಲ. ಒಂದು ಖಾಲಿ ಪೇಂಟ್ ಡಬ್ಬಿಗೆ ಮಣ್ಣು ತುಂಬಿ, ಆ ಕಡ್ಡಿಯನ್ನು ನೆಟ್ಟು, ನಮ್ಮಿಬ್ಬರ ಮನೆಯ ನಡುವಿನ ಕಾಂಪೌಂಡ್ ಗೋಡೆಯ ಮೇಲಿಟ್ಟರು. ಕಣಗಿಲೆಯಾದರೆ ಕಡ್ಡಿಯಿಂದಲೇ ಬರುತ್ತದೆ. ಸೀಬೆ ಹಾಗೆ ಸುಲಭಕ್ಕೆ ಬರುವುದಿಲ್ಲ. ದಿನಾ ಬೆಳಿಗ್ಗೆ ಒಂದು ಚೊಂಬು ನೀರು.

"ಏನಂತೆ, ಚಿಗುರೋ ಲಕ್ಷಣ ಇದೆಯಾ?" ಎಂದು ಒಮ್ಮೆ ಚುಡಾಯಿಸಿದೆ.

"ಚಿಗುರದೇ ಇರ್ಲಿ ಅಂತ ನೀರು ಹಾಕ್ತಾ ಇದ್ದೀನಿ ಸ್ವಾಮಿ."

ಕಡ್ಡಿ ಬೇಸಿಗೆಯುದ್ದಕ್ಕೂ ಹಾಗೇ ನಿಂತಿತ್ತು. ಸಾಯಲೂ ಇಲ್ಲ, ಚಿಗುರಲೂ ಇಲ್ಲ. ಅವರು ಆಗಾಗ ಉಗುರಿನಲ್ಲಿ ತೊಗಟೆ ಕೆರೆದು, ಒಳಗೆ ಹಸಿರು ಕಂಡು, ಮುಖ ಸಣ್ಣ ಮಾಡಿಕೊಂಡು ಒಳಗೆ ಹೋಗುವರು. ಜಡಿಗೇನಹಳ್ಳಿಗೆ ಫೋನು ಮಾಡಿ ಮಗು ಹೇಗಿದೆ ಎಂದು ಕೇಳಲು ಅವರಿಗೆ ಧೈರ್ಯವಿರಲಿಲ್ಲ, ನನ್ನಿಂದ ಮಾಡಿಸುತ್ತಿದ್ದರು. ಚೆನ್ನಾಗಿದೆಯಂತೆ ಎಂದರೆ, "ಮಗುಚ್ಕೊಳ್ತಾ? ಕೂತ್ಕೊಳ್ತಾ? ಕೇಳಿ" ಎನ್ನುವರು. ಮಗುಚಿಕೊಂಡಿತು, ಕೂತಿತು, ಅಂಬೆಗಾಲಿಟ್ಟಿತು. ಒಂದೊಂದು ಸುದ್ದಿಗೂ ಅವರು ಒಂದೊಂದು ದಿನ ಚೆನ್ನಾಗಿ ಊಟ ಮಾಡುತ್ತಿದ್ದರು.

ಹಿತ್ತಿಲಲ್ಲಿ ಹೊಗೆ ನಿಂತಿತ್ತು. ಮಳೆ ಬಿದ್ದ ಮೇಲೆ ಸಂಜೆ ಹೊರಗೆ ಕೂರಲಾಗದಷ್ಟು ಸೊಳ್ಳೆ. ನಾನು ಕಾಯಿಲ್ ಹಚ್ಚಿದೆ. ಅವರು ಹಚ್ಚಲಿಲ್ಲ, ಅದರ ಹೊಗೆ ಯಾವುದರದ್ದೋ ಗೊತ್ತಿಲ್ಲ ಎಂದರು. ಜ್ವರ ಬಂದು ಆಸ್ಪತ್ರೆ ಸೇರಿದವರು ಅಲ್ಲಿಂದ ಬರಲಿಲ್ಲ.

ತಿಥಿಗೆ ಮುನಿರಾಜುವೂ ಬಂದಿದ್ದ, ಪವಿತ್ರಳೂ ಬಂದಿದ್ದಳು. ಮಗು ಊಟದ ಎಲೆಗಳ ನಡುವೆ ಹಿಡಿಯಲು ಸಿಗದೆ ಹರಿದಾಡುತ್ತಿತ್ತು. "ಪಾಪ, ಒಳ್ಳೆ ಮನುಷ್ಯ. ಸುಮ್ಸುಮ್ನೆ ಹೆದ್ರಿ ಹೆದ್ರಿ ಸವೆದ್ರು" ಎಂದ ಮುನಿರಾಜು. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಎಲ್ಲರೂ ಹೌದೆಂದರು.

ಜನ ಹೋದ ಮೇಲೆ ಅವರ ಹೆಂಡತಿ ನನ್ನನ್ನು ಗೋಡೆಯ ಹತ್ತಿರ ಕರೆದರು.

"ಅಣ್ಣಾ, ಈ ಡಬ್ಬಿ ಏನ್ಮಾಡ್ಲಿ? ಆಸ್ಪತ್ರೆಗೆ ಹೋಗೋವಾಗ್ಲೂ ನೀರಾಕು ಅಂದ್ರು. ಹಾಕ್ತಿದ್ದೆ. ಇವಾಗ ಏನೋ ಬಂದೈತೆ ನೋಡಿ."

ಕನ್ನಡಕ ಹಾಕಿಕೊಂಡು ನೋಡಿದೆ. ಕಡ್ಡಿ ಚಿಗುರಿತ್ತು. ಗಿಣ್ಣಿಗೆ ಮೂರು ಎಲೆ. ಕಣಗಿಲೆ.